ಖಾಲಿ ರೈಲು

ಕಳೆದ ಮಳೆಗಾಲದಲ್ಲಿ ನನಗೆ ಒಂದು ಲೋಕಲ್ ರೈಲನ್ನು ಪ್ಲಾಟ್‌ಫಾರ್ಮಿಗೆ ತಂದು ನಿಲ್ಲಿಸುವ ಕೆಲಸ ಬಂತು. ಕಂಪ್ಯೂಟರಿನಲ್ಲಿ ಬಿಡಿಸಿದ ರೈಲು. ಒಂದು ಚಿಕ್ಕ ಮಾಹಿತಿ ಚಿತ್ರದಲ್ಲಿ ಒಂದು ಶಾಟ್. ರೈಲು ಎಡಗಡೆಯಿಂದ ಬರಬೇಕು, ನಿಲ್ಲಬೇಕು, ಬಾಗಿಲಲ್ಲಿ ನಿಂತ ಹೆಂಗಸು ಇಳಿಯಬೇಕು. ಅಷ್ಟೇ. ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಡಬ್ಬಾಗಳ ಬಣ್ಣ, ಕಿಟಕಿಯ ಸರಳು, ಬಾಗಿಲ ನಡುವಿನ ಕಂಬ, ಒದ್ದೆ ಪ್ಲಾಟ್‌ಫಾರ್ಮಿನ ಮೇಲೆ ಬೀಳುವ ಬೆಳಕು, ಎಲ್ಲ ಚೆನ್ನಾಗಿ ಬಂದಿತ್ತು.

ರಾತ್ರಿ ಡೊಂಬಿವಲಿಯ ಮನೆಯಲ್ಲಿ ಊಟ ಆದ ಮೇಲೆ ಅಪ್ಪಯ್ಯನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಎಂತ ಮಗಾ, ಇದು ಖಾಲಿ ರೈಲಾ?"

"ಇಲ್ಲ ಅಪ್ಪಯ್ಯ. ಕಿಟಕೀಲಿ ಜನ ಇದ್ದಾರಲ್ಲ, ನೋಡಿ."

"ಜನ ಕಾಣ್ತಾರೆ. ಆದ್ರೆ ರೈಲು ಖಾಲಿ ಇದೆ."

ಅಷ್ಟು ಹೇಳಿ ಕೈ ತೊಳೆಯಲು ಎದ್ದು ಹೋದರು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವರು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ 31 ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಅಷ್ಟೂ ವರ್ಷ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ಲಿನಲ್ಲಿ ಹೋಗಿ ಬಂದವರು. ಕೀಫ್ರೇಮ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಆದರೆ ಅವರು ಹೇಳಿದ್ದು ಸರಿ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಯಾಕೆ ಸರಿ ಅಂತ ಗೊತ್ತಾಗಲು ಮಾತ್ರ ಒಂದು ವಾರ ಬೇಕಾಯಿತು. ಆ ವಾರದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅನಿಮೇಷನ್ ಮಾಡುವಾಗ ನಾವು ಕಂಪ್ಯೂಟರಿಗೆ ಎಲ್ಲವನ್ನೂ ಹೇಳುವುದಿಲ್ಲ. ಈ ಹೊತ್ತಿಗೆ ಇಲ್ಲಿರು, ಆ ಹೊತ್ತಿಗೆ ಅಲ್ಲಿರು ಅಂತ ಎರಡು ಮಾತು ಹೇಳುತ್ತೇವೆ. ಇವೇ ಕೀಫ್ರೇಮ್. ನಡುವಿನದನ್ನು ಅದು ತುಂಬಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಸಮಪಾಲು ಮಾಡುತ್ತದೆ. ಚಲನೆಯ ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್. 1000 ಪಿಕ್ಸೆಲ್ ದೂರ, 10 ಫ್ರೇಮ್ ಸಮಯ ಅಂದರೆ ಫ್ರೇಮಿಗೆ 100 ಪಿಕ್ಸೆಲ್. ಮೊದಲ ಫ್ರೇಮಿನಲ್ಲೂ 100, ಕೊನೆಯದರಲ್ಲೂ 100. ಇದಕ್ಕೆ ಲೀನಿಯರ್ ಅನ್ನುತ್ತೇವೆ. ಮೋಡ, ಎಸ್ಕಲೇಟರಿನ ಮೆಟ್ಟಿಲು, ತಿರುಗುತ್ತಲೇ ಇರುವ ಫ್ಯಾನು, ಇವಕ್ಕೆ ಅದು ಸರಿ. ಉಳಿದ ಕಡೆ ಕಣ್ಣು ಒಪ್ಪುವುದಿಲ್ಲ. ನಿಂತಿದ್ದ ವಸ್ತು ಒಂದೇ ಏಟಿಗೆ ಪೂರ್ತಿ ವೇಗಕ್ಕೆ ಬರುವುದನ್ನು ನಾವು ಹುಟ್ಟಿದಾಗಿನಿಂದ ಎಲ್ಲೂ ನೋಡಿಲ್ಲ.

ಅದೇ 1000 ಪಿಕ್ಸೆಲ್ಲನ್ನು ಅದೇ 10 ಫ್ರೇಮಿನಲ್ಲಿ ಬೇರೆ ರೀತಿ ಹಂಚಬಹುದು. 28, 76, 112, 136, 148. ಆಮೇಲೆ ಅದೇ ತಿರುಗಿ 148, 136, 112, 76, 28. ಕೂಡಿಸಿ ನೋಡಿ, 1000 ಬರುತ್ತದೆ. ಹೊರಟದ್ದು ಅಲ್ಲಿಂದಲೇ, ತಲುಪಿದ್ದು ಅಲ್ಲಿಗೇ, ಹಿಡಿದ ಹೊತ್ತೂ ಅಷ್ಟೇ. ಆದರೆ ವಸ್ತು ಮೆಲ್ಲಗೆ ಎದ್ದು, ಓಡಿ, ಮೆಲ್ಲಗೆ ಕೂತ ಹಾಗೆ ಕಾಣುತ್ತದೆ. ಈ ಹಂಚಿಕೆಗೇ ಈಸಿಂಗ್ ಅನ್ನುವುದು. ಎಷ್ಟು ಫ್ರೇಮ್ ಹಿಡಿಯಿತು ಅನ್ನುವುದು ಟೈಮಿಂಗ್, ಆ ಫ್ರೇಮುಗಳ ನಡುವೆ ದೂರವನ್ನು ಹೇಗೆ ಹಂಚಿದೆವು ಅನ್ನುವುದು ಸ್ಪೇಸಿಂಗ್. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಲು ಕಲಿತ ದಿನ ನಾನು ಈ ಕೆಲಸಕ್ಕೆ ನಿಜವಾಗಿ ಸೇರಿದೆ ಅನ್ನಿಸುತ್ತದೆ.

ಇದು ಕಂಪ್ಯೂಟರ್ ತಂದ ಬುದ್ಧಿಯಲ್ಲ. ಡಿಸ್ನಿಯ ಹಿರಿಯ ಅನಿಮೇಟರುಗಳಾದ ಫ್ರಾಂಕ್ ಥಾಮಸ್ ಮತ್ತು ಒಲಿ ಜಾನ್ಸ್‌ಟನ್ 1981ರಲ್ಲಿ ತಮ್ಮ ಸ್ಟುಡಿಯೋದ ಪಾಠಗಳನ್ನು 12 ತತ್ವಗಳಾಗಿ ಬರೆದಿಟ್ಟರು. ಅದರಲ್ಲಿ ಇದೂ ಒಂದು. ಕೈಯಲ್ಲಿ ಬಿಡಿಸುವ ಕಾಲದಲ್ಲಿ ಮುಖ್ಯ ಅನಿಮೇಟರ್ ಮುಖ್ಯ ಭಂಗಿಗಳನ್ನು ಮಾತ್ರ ಬಿಡಿಸಿ, ಹಾಳೆಯ ಪಕ್ಕದಲ್ಲಿ ಒಂದು ಗೆರೆ ಎಳೆದು ಅದರ ಮೇಲೆ ಚಿಕ್ಕ ಚಿಕ್ಕ ಗೀಟು ಹಾಕುತ್ತಿದ್ದ. ಸಹಾಯಕ ಆ ಗೀಟು ನೋಡಿಕೊಂಡು ನಡುವಿನ ಚಿತ್ರಗಳನ್ನು ಬಿಡಿಸಬೇಕು. ಮೆಲ್ಲಗೆ ನಿಲ್ಲಬೇಕಾದ ಕಡೆ ಲೆಕ್ಕ ಬಹಳ ಸರಳ. ಎರಡು ಭಂಗಿಗಳ ನಟ್ಟನಡುವೆ ಒಂದು ಚಿತ್ರ. ಆ ಚಿತ್ರಕ್ಕೂ ಕೊನೆಯ ಭಂಗಿಗೂ ನಡುವೆ ಇನ್ನೊಂದು. ಅದಕ್ಕೂ ಕೊನೆಯದಕ್ಕೂ ನಡುವೆ ಮತ್ತೊಂದು. ಅರ್ಧ, ಮುಕ್ಕಾಲು, ಎಂಟರಲ್ಲಿ ಏಳು ಪಾಲು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ.

ಈಗಲೂ ಪ್ರೋಗ್ರಾಂ ಬರೆಯುವ ಹುಡುಗರು ಇದನ್ನೇ ಮಾಡುತ್ತಾರೆ. ಪ್ರತಿ ಫ್ರೇಮಿನಲ್ಲಿ ಉಳಿದ ದೂರದ ಹತ್ತನೇ ಒಂದು ಪಾಲು ಮುಂದೆ ಹೋಗು ಅಂತ ಒಂದು ಸಾಲು ಬರೆದರೆ ಸಾಕು, ವಸ್ತು ತಾನೇ ಮೆಲ್ಲಗೆ ಹೋಗಿ ಕೂರುತ್ತದೆ. ಚೆಂದದ ಸಾಲು ಅದು. ಆದರೆ ಅದರಲ್ಲಿ ಒಂದು ಗುಂಡಿ ಇದೆ, ನಾನೂ ಒಮ್ಮೆ ಅದರಲ್ಲಿ ಬಿದ್ದಿದ್ದೇನೆ. ಒಂದು ಮೊಬೈಲ್ ಆ್ಯಪಿಗೆ ಕೆಳಗಿನಿಂದ ಮೇಲೆ ಬರುವ ಒಂದು ಮೆನು ಮಾಡಿಕೊಟ್ಟಿದ್ದೆ. ನನ್ನ ಫೋನಿನಲ್ಲಿ ಹಾಲಿನ ಕೆನೆಯ ಹಾಗೆ ಬರುತ್ತಿತ್ತು. ಕೆಲಸ ಕೊಟ್ಟವರ ಫೋನಿನಲ್ಲಿ ಹಾರಿ ಬಂದು ಕೂತಿತು. ನನ್ನ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು, ಅವರದ್ದು 120 ಸಲ. ಫ್ರೇಮಿಗೆ ಹತ್ತನೇ ಒಂದು ಅಂದರೆ ಅವರಲ್ಲಿ ಕೆಲಸ ದುಪ್ಪಟ್ಟು ವೇಗದಲ್ಲಿ ನಡೆಯುತ್ತದೆ. ಫ್ರೇಮ್ ಎಣಿಸಬಾರದು, ಗಡಿಯಾರ ನೋಡಬೇಕು. ಹಿಂದಿನ ಫ್ರೇಮಿನಿಂದ ಎಷ್ಟು ಹೊತ್ತಾಯಿತು ಅಂತ ಕೇಳಿಕೊಂಡು ಅದಕ್ಕೆ ತಕ್ಕ ಪಾಲು ಹೋಗಬೇಕು. ಆ ಒಂದು ಸಾಲನ್ನು ತಿದ್ದಿದ ಮೇಲೆ ಎರಡೂ ಫೋನಿನಲ್ಲಿ ಒಂದೇ ಹದ ಬಂತು.

ಈಗ ರೈಲಿಗೆ ಬರುತ್ತೇನೆ.

ನಾನು ಮಾಡಿದ್ದು ಏನು ಅಂದರೆ, ಎರಡು ಕೀಫ್ರೇಮ್ ಇಟ್ಟು ಎಫ್9 ಒತ್ತಿದ್ದೆ. ಆಫ್ಟರ್ ಇಫೆಕ್ಟ್ಸ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಬಳಸುವವರಿಗೆಲ್ಲ ಈ ಗುಂಡಿ ಗೊತ್ತು. ಈಸಿ ಈಸ್ ಅಂತ ಅದರ ಹೆಸರು. ಒತ್ತಿದರೆ ಹೊರಡುವುದೂ ಮೆಲ್ಲಗಾಗುತ್ತದೆ, ನಿಲ್ಲುವುದೂ ಮೆಲ್ಲಗಾಗುತ್ತದೆ. ಈ ಗುಂಡಿಯ ಬಗ್ಗೆ ನನಗೊಂದು ದೂರು ಇದೆ. ಅದು ಎಲ್ಲಕ್ಕೂ ಒಂದೇ ಮೈ ಕೊಡುತ್ತದೆ. ರೈಲಿಗೂ ಅದೇ, ರೈಲಿನ ಕಿಟಕಿಯಿಂದ ಹಾರಿಹೋದ ಟಿಕೆಟಿಗೂ ಅದೇ. ಹೊಸಬರು ಲೀನಿಯರ್ ತಪ್ಪು ಅಂತ ಕಲಿತ ದಿನದಿಂದ ಎಲ್ಲದಕ್ಕೂ ಎಫ್9 ಒತ್ತುತ್ತಾ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಅದು ಲೀನಿಯರಿನಷ್ಟೇ ತಪ್ಪು ಅಂತ ಈಗ ಅನ್ನಿಸುತ್ತದೆ. ಕಣ್ಣಿಗೆ ಹಿತವಾಗಿರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ, ಅದೊಂದೇ ವ್ಯತ್ಯಾಸ.

ಮರದಿಂದ ಬೀಳುವ ತೆಂಗಿನಕಾಯಿಯನ್ನು ತೆಗೆದುಕೊಳ್ಳಿ. ಬೀಳುವ ವಸ್ತು ಸಮ ಸಮ ಹೊತ್ತಿನಲ್ಲಿ 1, 3, 5, 7 ಹೀಗೆ ಬೆಸ ಸಂಖ್ಯೆಯ ಲೆಕ್ಕದಲ್ಲಿ ದೂರ ಕ್ರಮಿಸುತ್ತದೆ ಅಂತ ಗೆಲಿಲಿಯೋ ಕಂಡುಕೊಂಡ. ಸಿನಿಮಾದ ಲೆಕ್ಕದಲ್ಲಿ ಸೆಕೆಂಡಿಗೆ 24 ಫ್ರೇಮ್. ಮೊದಲ ಫ್ರೇಮಿನಲ್ಲಿ ಕಾಯಿ ಒಂದು ಸೆಂಟಿಮೀಟರೂ ಇಳಿದಿರುವುದಿಲ್ಲ, ಸುಮಾರು 8.5 ಮಿಲಿಮೀಟರ್ ಅಷ್ಟೇ. ಒಂದು ಸೆಕೆಂಡ್ ಮುಗಿಯುವಾಗ 4.9 ಮೀಟರ್ ಇಳಿದಿರುತ್ತದೆ. 10 ಮೀಟರ್ ಎತ್ತರದ ಮರವಾದರೆ 34 ಫ್ರೇಮಿನಲ್ಲಿ ನೆಲ ಮುಟ್ಟುತ್ತದೆ. ಮುಟ್ಟುವ ಹೊತ್ತಿಗೆ ಅದರ ವೇಗ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ಅಲ್ಲಿ ಎಫ್9 ಒತ್ತಿದರೆ ಕಾಯಿ ನೆಲದ ಹತ್ತಿರ ಬಂದು ನಿಧಾನ ಮಾಡಿ, ಕೋಳಿಪುಕ್ಕದ ಹಾಗೆ ಕೂರುತ್ತದೆ. ಕೆಳಗೆ ಯಾರ ತಲೆ ಇದ್ದರೂ ಭಯ ಆಗುವುದಿಲ್ಲ. ತೆಂಗಿನ ತೋಟದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನನ್ನ ರೈಲಿನ ಲೆಕ್ಕವನ್ನು ನಾನು ಮೂರನೇ ದಿನ ಹಾಕಿದೆ. ಘಾಟ್ಕೋಪರಿನಲ್ಲಿ ಇಳಿದು, ಮೆಟ್ರೋ ಹತ್ತಿ ಅಂಧೇರಿಗೆ ಹೋಗುವಾಗ, ಹಳೆಯ ಬಿಲ್ಲಿನ ಹಿಂದೆ ಪೆನ್ನಿನಲ್ಲಿ. ಆ ಶಾಟಿನಲ್ಲಿ ರೈಲು 4 ಸೆಕೆಂಡಿನಲ್ಲಿ ಮೂರು ಡಬ್ಬಾದಷ್ಟು ದೂರ ಬರುತ್ತಿತ್ತು. ಒಂದು ಡಬ್ಬಾ ಸುಮಾರು 20 ಮೀಟರ್. ಅಂದರೆ 60 ಮೀಟರ್. ಎಫ್9 ಕೊಡುವ ಗೆರೆಯ, ಅಂದರೆ ಹೊತ್ತು ಹೋದ ಹಾಗೆ ದೂರ ಹೇಗೆ ಏರುತ್ತದೆ ಅಂತ ತೋರಿಸುವ ಗ್ರಾಫಿನ, ಗಣಿತ ಗೊತ್ತಿರುವಂಥದ್ದೇ. ಹೊತ್ತನ್ನು 0ಯಿಂದ 1ರವರೆಗೆ ಅಳೆದರೆ, ಅದರ ವರ್ಗದ ಮೂರು ಪಟ್ಟಿನಲ್ಲಿ ಘನದ ಎರಡು ಪಟ್ಟನ್ನು ಕಳೆದರೆ ಆಯಿತು. ಮೇಲೆ 28, 76, 112 ಅಂತ ಕೊಟ್ಟೆನಲ್ಲ, ಅದೂ ಇದೇ ಗೆರೆ. ಇದರ ಪ್ರಕಾರ ರೈಲು ನಿಲ್ಲುವ ಕ್ಷಣದಲ್ಲಿ ಅದರ ವೇಗ ಎಷ್ಟು ಬಿರುಸಾಗಿ ಇಳಿಯುತ್ತಿರುತ್ತದೆ ಅಂತ ಲೆಕ್ಕ ಹಾಕಿದೆ. ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 22.5 ಮೀಟರಿನಷ್ಟು. ಭೂಮಿಯ ಸೆಳೆತ 9.8. ಅಂದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ.

ಪೆನ್ನು ಹಿಡಿದುಕೊಂಡು ಹಾಗೇ ನಿಂತೆ. ಅಂಥ ರೈಲಿನಲ್ಲಿ ಜನ ನಿಂತಿರಲು ಆಗುವುದೇ ಇಲ್ಲ. ಎಲ್ಲರೂ ಎದುರಿನ ಗೋಡೆಗೆ ಹೋಗಿ ಬೀಳುತ್ತಾರೆ. ಆದರೆ ನನ್ನ ಕಿಟಕಿಗಳಲ್ಲಿ ಎಲ್ಲರೂ ಅಲ್ಲಾಡದೆ ನಿಂತಿದ್ದರು. ಹಾಗಾದರೆ ಅವರು ಬರೀ ಚಿತ್ರ, ಒಳಗೆ ಯಾರೂ ಇಲ್ಲ. ಅಪ್ಪಯ್ಯನ ಕಣ್ಣು ಈ ಲೆಕ್ಕವನ್ನು ಎರಡು ಸಲ ನೋಡಿ ಮುಗಿಸಿತ್ತು.

ನಿಜವಾದ ರೈಲು ಹೇಗೆ ನಿಲ್ಲುತ್ತದೆ? ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಇಳಿಸುತ್ತಾ ಬರುತ್ತದೆ ಅಂತ ಹಿಡಿಯೋಣ. ಆಗ ನಿಲ್ಲುವ ಮೊದಲಿನ 4 ಸೆಕೆಂಡಿನಲ್ಲಿ ಅದು ಬರುವುದು ಬರೀ 8 ಮೀಟರ್. ಅರ್ಧ ಡಬ್ಬಾವೂ ಇಲ್ಲ! ನಾನು ಮೂರು ಡಬ್ಬಾ ಓಡಿಸಿದ್ದೆ. ಇನ್ನೊಂದು ತಪ್ಪೂ ಇತ್ತು. ಎಫ್9 ಎರಡೂ ತುದಿಯನ್ನು ಮೆದು ಮಾಡುತ್ತದೆ. ಹಾಗಾಗಿ ನನ್ನ ರೈಲು ಫ್ರೇಮಿನ ಅಂಚಿನ ಆಚೆ ಎಲ್ಲೋ ನಿಂತಿದ್ದು, ಆಗ ತಾನೇ ಹೊರಟು, ವೇಗ ಏರಿಸುತ್ತಾ ಪ್ಲಾಟ್‌ಫಾರ್ಮಿಗೆ ನುಗ್ಗುತ್ತಿತ್ತು. ಪ್ಲಾಟ್‌ಫಾರ್ಮಿಗೆ ಬರುವ ರೈಲು ವೇಗ ಇಳಿಸುತ್ತಾ ಬರಬೇಕು. ದಿನಾ ನೋಡುವ ವಿಷಯ. ದಿನಾ ನೋಡುವುದು ಕೈಗೆ ಬರಲಿಲ್ಲ.

ಅವತ್ತಿನಿಂದ ರೈಲಿನಲ್ಲಿ ಫೋನ್ ಒಳಗಿಟ್ಟು ನಿಂತುಕೊಳ್ಳುವುದನ್ನು ಶುರು ಮಾಡಿದೆ. ಲೇಡೀಸ್ ಡಬ್ಬಾದಲ್ಲಿ ಮೇಲೆ ಸಾಲಾಗಿ ತೂಗುವ ಹಿಡಿಕೆಗಳಿವೆಯಲ್ಲ, ಅವನ್ನೇ ನೋಡುತ್ತಿದ್ದೆ. ಬೆಳಗಿನ ಹೊತ್ತು ಎಲ್ಲದರಲ್ಲೂ ಕೈ ಇರುತ್ತದೆ, ಮಧ್ಯಾಹ್ನ ಹೋದರೆ ಖಾಲಿ ಸಿಗುತ್ತವೆ. ರೈಲು ಹೊರಟರೆ ಎಲ್ಲ ಒಟ್ಟಿಗೆ ಹಿಂದಕ್ಕೆ ವಾಲುತ್ತವೆ. ಬ್ರೇಕ್ ಹಾಕಿದರೆ ಮುಂದಕ್ಕೆ. ಬ್ರೇಕ್ ಇರುವಷ್ಟು ಹೊತ್ತು ಮುಂದೆಯೇ ವಾಲಿಕೊಂಡಿರುತ್ತವೆ. ಮಜಾ ಇರುವುದು ರೈಲು ನಿಂತ ಕ್ಷಣದಲ್ಲಿ. ಆಗ ಎಲ್ಲ ಹಿಂದಕ್ಕೆ ಬರುತ್ತವೆ, ದಾಟಿ ಹೋಗುತ್ತವೆ, ಮತ್ತೆ ಮುಂದೆ. ಟಕಟಕ ಅಂತ ಸದ್ದು ಮಾಡುತ್ತಾ ನಿಧಾನಕ್ಕೆ ಸುಮ್ಮನಾಗುತ್ತವೆ. ಕಾಲು ಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಸುಮಾರು 1 ಸೆಕೆಂಡ್ ಬೇಕು. ಅಂದರೆ 24 ಫ್ರೇಮ್. ಹಿಡಿಕೆಗಳದ್ದೂ ಹೆಚ್ಚುಕಡಿಮೆ ಅದೇ ಹದ ಅಂತ ಎಣಿಸಿ ಬರೆದುಕೊಂಡೆ.

ಜನರೂ ಹಾಗೇ. ಬ್ರೇಕ್ ಹಾಕಿದಾಗ ಎಲ್ಲರೂ ಮುಂದಕ್ಕೆ ಬೀಳದ ಹಾಗೆ ಕಾಲನ್ನು ಒತ್ತಿ ಹಿಂದಕ್ಕೆ ಬಿಗಿ ಹಿಡಿದಿರುತ್ತೇವೆ. ರೈಲು ಗಕ್ಕನೆ ನಿಂತರೆ ಎದುರಿನ ಸೆಳೆತ ಒಮ್ಮೆಗೇ ಮಾಯ. ನಮ್ಮ ಬಿಗಿ ಮಾತ್ರ ಉಳಿಯುತ್ತದೆ. ಆ ಬಿಗಿಯೇ ನಮ್ಮನ್ನು ಹಿಂದಕ್ಕೆ ದಬ್ಬುತ್ತದೆ. ನಿಂತ ಮೇಲೆ ಬರುವ ಆ ಒಂದು ಹಿಂದಿನ ಜೋಲಿ ಮುಂಬಯಿಯವರಿಗೆಲ್ಲ ಮೈಯಲ್ಲೇ ಇದೆ. ಕೆಲವು ದಿನ ಆ ಜೋಲಿ ಬರುವುದೇ ಇಲ್ಲ. ಕೊನೆಯ ಒಂದೆರಡು ಸೆಕೆಂಡಿನಲ್ಲಿ ಮೋಟರ್‌ಮನ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಟ್ಟಿರುತ್ತಾರೆ. ಆಗ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಮುಖ ಕಾಣದ ಆ ಮನುಷ್ಯರ ಕೈಯ ಬಗ್ಗೆ ನನಗೆ ಈಗ ಬಹಳ ಗೌರವ.

ವೇಗ ಬದಲಾಗುವುದು ಒಂದು ವಿಷಯ. ಆ ಬದಲಾವಣೆಯೇ ಗಕ್ಕನೆ ಬದಲಾಗುವುದು ಇನ್ನೊಂದು ವಿಷಯ. ಇದಕ್ಕೆ ಜರ್ಕ್ ಅಂತ ಹೆಸರು. ಎಫ್9 ಗೆರೆಯಲ್ಲಿ ಎರಡೂ ತುದಿಯಲ್ಲಿ ವೇಗ ಸೊನ್ನೆ ಇರುತ್ತದೆ, ಸರಿ. ಆದರೆ ವೇಗ ಬದಲಾಗುವ ಬಿರುಸು ಅಲ್ಲೇ ಎಲ್ಲಕ್ಕಿಂತ ಜಾಸ್ತಿ. ನಿಂತ ಕೂಡಲೇ ಅದು ತಟ್ಟನೆ ಸೊನ್ನೆ. ಜೋಲಿ ಹೊಡೆಸುವ ರೈಲು ಅದು. ಜೋಲಿ ಹೊಡೆಸದ ಗೆರೆಯೂ ಒಂದಿದೆ. ಹೊತ್ತಿನ ಘನದ ಹತ್ತು ಪಟ್ಟು, ನಾಲ್ಕನೇ ಘಾತದ ಹದಿನೈದು ಪಟ್ಟು ಕಳೆ, ಐದನೇ ಘಾತದ ಆರು ಪಟ್ಟು ಕೂಡಿಸು. ಕಾಲು ಭಾಗ ಹೊತ್ತು ಕಳೆದಾಗ ಎಫ್9 ಗೆರೆ ನೂರಕ್ಕೆ 15.6 ಪಾಲು ದೂರ ಹೋಗಿರುತ್ತದೆ. ಈ ಗೆರೆ 10.4 ಪಾಲು ಮಾತ್ರ. ಅಷ್ಟು ಹಿಂಜರಿದು ಹೊರಡುತ್ತದೆ, ನಡುವೆ ಜೋರಾಗಿ ಓಡುತ್ತದೆ.

ಈ ಗೆರೆಯ ಕತೆ ನನಗೆ ಬಹಳ ಇಷ್ಟ. ಅದು ಎರಡು ಬೇರೆ ಬೇರೆ ಕಡೆಯಿಂದ ಬಂದು ಒಂದೇ ಜಾಗದಲ್ಲಿ ನಿಂತಿದೆ. 2002ರಲ್ಲಿ ಕೆನ್ ಪರ್ಲಿನ್ ಇದನ್ನು ಕಂಪ್ಯೂಟರ್ ಚಿತ್ರಗಳಿಗೆ ತಂದರು. ಮೋಡ, ಕಲ್ಲು, ಬೆಂಕಿ ಇವುಗಳ ಮೇಲ್ಮೈ ಬಿಡಿಸಲು ಅವರು ಮಾಡಿದ್ದ ಹಳೆಯ ವಿಧಾನದಲ್ಲಿ ನಮ್ಮ ಎಫ್9 ಗೆರೆಯೇ ಇತ್ತು. ಬೆಳಕು ಬಿದ್ದಾಗ ಅದರ ಕೀಲು ಕಾಣುತ್ತಿತ್ತು. ಅದನ್ನು ಅಳಿಸಲು ಈ ಹೊಸ ಗೆರೆ ಹಾಕಿದರು. ಅದಕ್ಕಿಂತ ಎಷ್ಟೋ ಮೊದಲು, 1985ರಲ್ಲಿ, ತಮಾರ್ ಫ್ಲಾಶ್ ಮತ್ತು ನೆವಿಲ್ ಹೋಗನ್ ಮನುಷ್ಯರ ಕೈ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೇಗೆ ಹೋಗುತ್ತದೆ ಅಂತ ಅಳೆದಿದ್ದರು. ಕೈ ಅತಿ ಕಡಿಮೆ ಜರ್ಕ್ ಆಗುವ ದಾರಿಯನ್ನು ಹಿಡಿಯುತ್ತದೆ ಅಂತಿಟ್ಟುಕೊಂಡರೆ ಗಣಿತ ಕೊಡುವುದು ಇದೇ ಗೆರೆಯನ್ನು. ಅದೇ ಹತ್ತು, ಅದೇ ಹದಿನೈದು, ಅದೇ ಆರು. ಅವರು ಅಳೆದ ಕೈಗಳು ಅದಕ್ಕೆ ಬಹಳ ಹತ್ತಿರ ಬಂದವು. ಮೇಜಿನ ಮೇಲಿನ ಲೋಟಕ್ಕೆ ಕೈ ಚಾಚುವಾಗ ನಮ್ಮ ಕೈ ಹೆಚ್ಚುಕಡಿಮೆ ಈ ಗೆರೆಯನ್ನೇ ಬರೆಯುತ್ತಿರುತ್ತದೆ.

ಇದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪಯ್ಯ ಮನೆಯಲ್ಲಿ ದೋಸೆ ಹೊಯ್ಯುತ್ತಿದ್ದರು. ಹೋಟೆಲು ಬಿಟ್ಟರೂ ಭಾನುವಾರದ ಕಾವಲಿ ಅವರದ್ದೇ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಸೆಕೆಂಡಿಗೆ 60 ಫ್ರೇಮಿನಲ್ಲಿ ಅವರ ಕೈ ಮಾತ್ರ ಕಾಣುವ ಹಾಗೆ ಇಟ್ಟೆ. ಅವರು ನೀರು ಚಿಮುಕಿಸಿದರು. ಚುಂಯ್ ಅಂದಿತು. ಬಟ್ಟೆಯಿಂದ ಒರೆಸಿದರು. ಸೌಟು ಹಿಟ್ಟಿನ ಪಾತ್ರೆಗೆ ಹೋಯಿತು, ತುಂಬಿ ಮೇಲೆ ಬಂತು, ಕಾವಲಿಯ ನಡುವಿಗೆ ಬಂತು. ಅಲ್ಲಿ ಸೌಟಿನ ಬೆನ್ನು ಹಿಟ್ಟಿನ ಮೇಲೆ ಕೂತು, ಸುತ್ತು ಸುತ್ತಾಗಿ ಹೊರಗೆ ಹೋಯಿತು. ಕೊನೆಯ ಸುತ್ತಿನಲ್ಲಿ ಒತ್ತಡ ತಗ್ಗಿ, ಅಂಚಿನಲ್ಲಿ ಸೌಟು ಎದ್ದದ್ದೇ ಗೊತ್ತಾಗಲಿಲ್ಲ. ಖಾಲಿ ಸೌಟು ಪಾತ್ರೆಗೆ ವಾಪಸ್.

ಆಮೇಲೆ ಕೂತು ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ, ಸೌಟಿನ ತುದಿ ಇದ್ದ ಕಡೆ ಒಂದೊಂದು ಚುಕ್ಕಿ ಇಟ್ಟೆ. ಪಾತ್ರೆಯಿಂದ ಕಾವಲಿಗೆ, ತುಂಬಿದ ಸೌಟು: 46 ಫ್ರೇಮ್. ಕಾವಲಿಯಿಂದ ಪಾತ್ರೆಗೆ, ಖಾಲಿ ಸೌಟು: 31 ಫ್ರೇಮ್. ದಾರಿ ಒಂದೇ, ಕೈ ಒಂದೇ. ಖಾಲಿ ಸೌಟಿನ ಚುಕ್ಕಿಗಳು ಎರಡೂ ತುದಿಯಲ್ಲಿ ಒಂದೇ ಥರ ದಟ್ಟವಾಗಿದ್ದವು, ಆ ಕಡಿಮೆ ಜರ್ಕಿನ ಗೆರೆಯ ಹಾಗೇ. ತುಂಬಿದ ಸೌಟಿನದ್ದು ಹಾಗಿರಲಿಲ್ಲ. ಅದರ ವೇಗ ನಡುವಿಗಿಂತ ಮೊದಲೇ ಏರಿ ಮುಗಿದಿತ್ತು. ಉಳಿದ ದಾರಿಯಷ್ಟೂ ಉದ್ದಕ್ಕೆ ಇಳಿಯುತ್ತಾ ಬಂದಿತ್ತು. ಕಾವಲಿಯ ಹತ್ತಿರದ ಚುಕ್ಕಿಗಳು ಒಂದರ ಮೇಲೊಂದು ಕೂತಿದ್ದವು.

ಅಪ್ಪಯ್ಯನಿಗೆ ತೋರಿಸಿ ಯಾಕೆ ಹೀಗೆ ಅಂತ ಕೇಳಿದೆ.

"ಹಿಟ್ಟು ಚೆಲ್ಲತ್ತಲ್ಲ," ಅಂದರು.

ನನಗೆ ಬೇಕಿದ್ದದ್ದು ಆ ಮಾತೇ. ಇಷ್ಟು ವರ್ಷ ನಾನು ಗೆರೆ ಆರಿಸಿ ಆಮೇಲೆ ವಸ್ತುವಿಗೆ ಹಚ್ಚುತ್ತಿದ್ದೆ. ರಾಬರ್ಟ್ ಪೆನ್ನರ್ 2001ರ ಸುಮಾರಿಗೆ ಫ್ಲ್ಯಾಶ್ ಅನ್ನುವ ಅನಿಮೇಷನ್ ಸಾಫ್ಟ್‌ವೇರಿಗಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಈಸಿಂಗ್ ಸೂತ್ರಗಳ ಪಟ್ಟಿ ನನ್ನ ಮೇಜಿನ ಎದುರೇ ಅಂಟಿಸಿದೆ. ಒಳ್ಳೆಯ ಪಟ್ಟಿ, ಉಪಕಾರದ ಕೆಲಸ. ಆದರೆ ಅದರಲ್ಲಿ ಯಾವುದು ಅಂತ ಕೇಳುವ ಮೊದಲು, ಇದರೊಳಗೆ ಏನಿದೆ, ಏನು ಚೆಲ್ಲುತ್ತದೆ ಅಂತ ಕೇಳಬೇಕು. ಭಾರದ್ದರ ವೇಗ ಬದಲಿಸಲು ಜಾಸ್ತಿ ಬಲ ಬೇಕು. ಬಲ ಅಷ್ಟೇ ಇದ್ದರೆ ಜಾಸ್ತಿ ಹೊತ್ತು ಬೇಕು. ನ್ಯೂಟನ್ ಹೇಳಿದ್ದನ್ನು ಎಲ್ಲರೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಗ್ರಾಫ್ ಎಡಿಟರಿನಲ್ಲಿ ಗೆರೆಯನ್ನು ಬಗ್ಗಿಸುವ ಹ್ಯಾಂಡಲ್ ಎಳೆಯುವಾಗ ಅದೇ ಮಾತನ್ನು ಕೈಯಲ್ಲಿ ಬರೆಯುತ್ತಿರುತ್ತೇವೆ ಅಂತ ನೆನಪಿರುವುದಿಲ್ಲ.

ಹ್ಯಾಂಡಲ್ ಅಂದಾಗ ನೆನಪಾಯಿತು. ಆ ಎರಡು ಹ್ಯಾಂಡಲ್ಲುಗಳ ಗೆರೆಗೆ ಬೆಜಿಯರ್ ಅಂತ ಹೆಸರಲ್ಲವೇ? ಅದು ಫ್ರಾನ್ಸಿನ ಕಾರ್ ಕಾರ್ಖಾನೆಗಳಲ್ಲಿ ಹುಟ್ಟಿದ್ದು. ಸಿಟ್ರೋಯನ್‌ನಲ್ಲಿ ಪೌಲ್ ದ ಕಾಸ್ತೆಲ್ಜೋ 1959ರಲ್ಲೇ ಇದನ್ನು ಕಂಡುಕೊಂಡಿದ್ದರು. ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು. ರೆನೋ ಕಂಪನಿಯ ಪಿಯರ್ ಬೆಜಿಯರ್ 1960ರ ದಶಕದಲ್ಲಿ ಪ್ರಕಟಿಸಿದರು, ಹೆಸರು ಅವರದ್ದಾಯಿತು. ಕಾರಿನ ಮೈಯ ತಿರುವನ್ನು ಬರೆಯಲು ಮಾಡಿದ ಗೆರೆ ಈಗ ಎಲ್ಲರ ಫೋನಿನಲ್ಲಿ ಕಿಟಕಿಗಳನ್ನು ತೆರೆದು ಮುಚ್ಚುತ್ತಿದೆ.

ಇನ್ನೊಂದು ಗೊಂದಲವನ್ನೂ ಹೇಳಿಬಿಡಬೇಕು, ಹೊಸಬರು ಇದರಲ್ಲಿ ದಿನಗಟ್ಟಲೆ ಒದ್ದಾಡುತ್ತಾರೆ. ವೆಬ್ ಪುಟ ಮಾಡುವವರು ಈಸ್ ಇನ್ ಅಂದರೆ ಮೆಲ್ಲಗೆ ಹೊರಡುವುದು. ಆಫ್ಟರ್ ಇಫೆಕ್ಟ್ಸ್‌ನಲ್ಲಿ ಈಸ್ ಇನ್ ಅಂದರೆ ಕೀಫ್ರೇಮಿನ ಒಳಗೆ ಮೆಲ್ಲಗೆ ಬರುವುದು, ಅಂದರೆ ಮೆಲ್ಲಗೆ ನಿಲ್ಲುವುದು. ಹಳೆಯ ಕೈಚಿತ್ರದವರ ಮಾತೂ ಈ ಎರಡನೆಯದೇ. ಒಂದೇ ಹೆಸರು, ಅರ್ಥ ತಿರುಗಾಮುರುಗಾ. ಒಮ್ಮೆ ನಾನು ಬರೆದು ಕಳಿಸಿದ ಚೀಟಿ ನೋಡಿ ಕೋಡ್ ಬರೆಯುವ ಹುಡುಗ ಎಲ್ಲವನ್ನೂ ತಲೆಕೆಳಗು ಮಾಡಿಕೊಟ್ಟಿದ್ದ. ಅವನದ್ದೂ ತಪ್ಪಲ್ಲ, ನನ್ನದೂ ತಪ್ಪಲ್ಲ. ಅವನು ಹುಬ್ಬಳ್ಳಿಯವನು. ಅಲ್ಲಿಂದ ಮೇಲೆ ನಾವಿಬ್ಬರೂ ಕನ್ನಡದಲ್ಲೇ ಬರೆದುಕೊಳ್ಳುತ್ತೇವೆ: ಹೊರಡುವಾಗ ಮೆಲ್ಲಗೆ, ತಲುಪುವಾಗ ಮೆಲ್ಲಗೆ. ಒಂದು ಸಲವೂ ತಪ್ಪಿಲ್ಲ.

ಎರಡನೇ ವಾರ ರೈಲನ್ನು ಮೊದಲಿನಿಂದ ಮಾಡಿದೆ. ಮೊದಲ ಕೀಫ್ರೇಮಿನ ಮೆದುವನ್ನು ತೆಗೆದುಬಿಟ್ಟೆ. ರೈಲು ಆಗಲೇ ಚಲಿಸುತ್ತಾ ಫ್ರೇಮಿಗೆ ಬರುತ್ತದೆ. 60 ಮೀಟರನ್ನು 8ಕ್ಕೆ ಇಳಿಸಿದೆ. ಇಷ್ಟು ಕಡಿಮೆ ಓಡಿದರೆ ನೋಡಲು ಬೇಸರ ಆಗುತ್ತದೇನೋ ಅಂತ ಹೆದರಿಕೆ ಇತ್ತು. ಕ್ಯಾಮೆರಾವನ್ನು ಬಾಗಿಲಿನ ಹತ್ತಿರ ತಂದೆ. ಆಗ ಒಂದು ಬಾಗಿಲು, ನಾಲ್ಕು ಕಿಟಕಿ ದಾಟುವುದೇ ದೊಡ್ಡ ಸಂಗತಿಯಾಯಿತು. ಕೊನೆಯ ಒಂದೂವರೆ ಸೆಕೆಂಡಿನಲ್ಲಿ ಗೆರೆಯನ್ನು ಇನ್ನೂ ಉದ್ದಕ್ಕೆ ಎಳೆದು, ತುಂಬಿದ ಸೌಟಿನ ಚುಕ್ಕಿಗಳ ಹಾಗೆ ದಟ್ಟ ಮಾಡಿದೆ. ಹಿಡಿಕೆಗಳನ್ನು ಮುಂದಕ್ಕೆ ವಾಲಿಸಿ, ನಿಂತ ಮೇಲೆ 24 ಫ್ರೇಮಿಗೊಂದು ಸಲ ತೂಗಿಸಿದೆ. ಪ್ರತಿ ಸಲವೂ ಸ್ವಲ್ಪ ಕಡಿಮೆ. ಎಲ್ಲ ಹಿಡಿಕೆ ಕವಾಯತಿನ ಹಾಗೆ ಕಾಣಬಾರದು ಅಂತ ಒಂದೆರಡು ಫ್ರೇಮ್ ಆಚೀಚೆ ಮಾಡಿದೆ. ಕಿಟಕಿಯ ಜನರ ಹೆಗಲನ್ನೂ ತುಸು ವಾಲಿಸಿದೆ, ತಲೆ ಹೆಗಲಿಗಿಂತ ಎರಡು ಫ್ರೇಮ್ ತಡವಾಗಿ.

ಮತ್ತೆ ಊಟ ಆದ ಮೇಲೆ, ಮತ್ತೆ ಅದೇ ಕನ್ನಡಕ. ಅಪ್ಪಯ್ಯ ನೋಡಿದರು. ಇನ್ನೊಮ್ಮೆ ಹಾಕು ಅಂದರು. ಹಾಕಿದೆ.

"ಇದು ಸ್ಲೋ ಗಾಡಿಯಾ?"

"ಹೌದು ಅಪ್ಪಯ್ಯ."

ಬಾಗಿಲಲ್ಲಿ ಕಂಬ ಹಿಡಿದು ನಿಂತ ಹೆಂಗಸಿನ ಮೇಲೆ ಬೆರಳಿಟ್ಟರು. "ಗಾಡಿ ನಿಂತ ಮೇಲೆ ಇವಳು ಒಂಚೂರು ಹಿಂದೆ ಬರ್ಬೇಕಲ್ಲ? ಕೈ ಕಂಬದ ಮೇಲಿದೆ. ಕೈ ಬಿಡೂಕೆ ಮೊದ್ಲು ಒಮ್ಮೆ ಎಳೀತದೆ."

ಕಿಟಕಿಯ ಹತ್ತು ಜನರನ್ನು ಅಲ್ಲಾಡಿಸಿ, ಬಾಗಿಲಿನವಳನ್ನೇ ಮರೆತಿದ್ದೆ. ಲ್ಯಾಪ್‌ಟಾಪನ್ನು ಅವರ ಮುಂದೆಯೇ ತಿರುಗಿಸಿಕೊಂಡೆ. ಅವಳ ಸೊಂಟ 6 ಫ್ರೇಮ್ ಹಿಂದಕ್ಕೆ, ಹೆಗಲು ಅದರ ಹಿಂದೆ, ಕೈ ಕಂಬದ ಮೇಲೆ ಬಿಗಿ. ಆಮೇಲೆ ಬೆರಳು ಬಿಡುತ್ತದೆ, ಕಾಲು ಪ್ಲಾಟ್‌ಫಾರ್ಮಿಗೆ ಇಳಿಯುತ್ತದೆ. ಹಾಕಿ ತೋರಿಸಿದೆ. ಅಪ್ಪಯ್ಯ ಪರದೆಗೆ ಇನ್ನೂ ಹತ್ತಿರ ಬಂದು, ಕೈಯಲ್ಲಿದ್ದ ಬ್ಯಾಗು ಸಹ ಎಳೀಬೇಕು, ಅದ್ರಲ್ಲಿ ಡಬ್ಬಿ ಇರ್ತದೆ ಅಂದರು.